ಬೆಂಕಿ ಹತ್ತದ ಗ್ಯಾಸಿಗೂ ಭಯ ಯಾಕೆ?

ಪ್ರಶ್ನೆ: ನಮ್ಮನೆಗೆ ಗೇಲ್ ಗ್ಯಾಸ್ ಪೈಪ್ ಬಂದಿದೆ. ಫ್ಯಾಕ್ಟರಿ ಹೊಗೇಲಿರೋ ಕಾರ್ಬನ್ ಡೈಆಕ್ಸೈಡ್ ಹಿಡಿದು ಅದನ್ನೂ ಪೈಪಲ್ಲೇ ಸಾಗಿಸ್ತಾರಂತೆ, ಮಗ ಹೇಳ್ದ. ಅದಕ್ಕೆ ಬೆಂಕಿ ಹತ್ತಲ್ವಲ್ಲ, ಮತ್ತೆ ಸೇಫ್ಟಿ ಅಂತ ಯಾಕಿಷ್ಟು ತಲೆಬಿಸಿ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಬೆಂಕಿ ಹತ್ತಲ್ಲ ನಿಜ ಮೇಡಂ, ಆದ್ರೆ ನಿಮ್ಮ ಅಡುಗೆಮನೆ ಗ್ಯಾಸ್ ಲೀಕ್ ಆದ್ರೆ ಬೇಕಂತ್ಲೇ ಬೆರೆಸಿರೋ ವಾಸನೆ ಮೂಗಿಗೆ ಬಡಿಯತ್ತೆ, ಗಾಳಿಗಿಂತ ಹಗುರ ಬೇರೆ, ಕಿಟಕಿ ತೆಗೆದ್ರೆ ಹೋಗ್ಬಿಡತ್ತೆ. ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲ ಹಿಡ್ಕೊಂಡು ಹರಿದು ತಗ್ಗಲ್ಲಿ ಕೂತ್ಬಿಡತ್ತೆ. ಗಾಳೀಲಿ 10 ಪರ್ಸೆಂಟ್ ಮುಟ್ಟಿದ್ರೆ ನಿಮಿಷಗಳಲ್ಲೇ ಪ್ರಜ್ಞೆ ತಪ್ಪತ್ತೆ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಷಿಯಾ ಅನ್ನೋ ಪುಟ್ಟ ಊರಿನ ಹತ್ರ 2020ರ ಫೆಬ್ರವರಿ 22ಕ್ಕೆ ಆಗಿದ್ದು ಇದೇ. ಮಳೆ ಜಾಸ್ತಿ ಆಗಿ ಗುಡ್ಡದ ಮಣ್ಣು ಜಾರಿ ಪೈಪಿನ ವೆಲ್ಡಿಂಗ್ ಒಡೀತು, ಸುಮಾರು 200 ಜನರನ್ನ ಖಾಲಿ ಮಾಡಿಸಿದ್ರು, 45 ಜನ ಆಸ್ಪತ್ರೆಗೆ ಹೋಗ್ಬೇಕಾಯ್ತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ತಪ್ಪಿಸ್ಕೊಳ್ಳೋಣ ಅಂತ ಕಾರ್ ಹತ್ತಿದ್ರೆ ಇಂಜಿನ್ನೇ ಆಫ್, ಯಾಕಂದ್ರೆ ಅದಕ್ಕೂ ಆಕ್ಸಿಜನ್ ಬೇಕಲ್ಲ! ಇನ್ನೂ ಸಿಟ್ಟು ಬರೋ ವಿಷಯ ಏನಂದ್ರೆ, ಲೀಕ್ ಆದ್ರೆ ಗ್ಯಾಸ್ ಆ ಊರಿನ ತನಕ ಬರಬಹುದು ಅನ್ನೋದೇ ಕಂಪ್ನಿ ಹಾಕಿದ್ದ ಲೆಕ್ಕದಲ್ಲಿ ಇರ್ಲಿಲ್ಲ.

ಹಂಗಂತ ಸಾಗಿಸೋಕೇ ಆಗಲ್ಲ ಅಂತಲ್ಲ, ಅಮೆರಿಕದಲ್ಲಿ ಸುಮಾರು 8,000 ಕಿಲೋಮೀಟರ್ ಇಂಥ ಲೈನ್ ಇದೆ, ಹೆಚ್ಚಿನವು ಹಳೇ ಬಾವಿಗಳಿಂದ ಎಣ್ಣೆ ಹೊರಗೆ ತಳ್ಳೋಕೆ. ಗ್ಯಾಸನ್ನ ಸುಮಾರು 74 ಬಾರ್‌ಗಿಂತ, ಅಂದ್ರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಮ್ಮಿ 74 ಪಟ್ಟಿಗಿಂತ, ಜಾಸ್ತಿ ಪ್ರೆಷರಲ್ಲಿ ಒತ್ತಿದ್ರೆ ದ್ರವದಷ್ಟು ದಟ್ಟ ಆಗತ್ತೆ, ಸಣ್ಣ ಪೈಪಲ್ಲೂ ತುಂಬಾ ಹಿಡಿಸ್ಬಹುದು. ಆದ್ರೆ ಅದರಲ್ಲಿ ನೀರಿನ ಪಸೆ ಉಳೀಬಾರ್ದು, ಉಳಿದ್ರೆ ಸೋಡಾದಲ್ಲಿರೋ ಅದೇ ಆಸಿಡ್ ಹುಟ್ಟಿ ಉಕ್ಕನ್ನ ಒಳಗಿಂದ ತಿನ್ನತ್ತೆ, ಹಾಗಾಗಿ ಪೈಪಿಗೆ ಬಿಡೋಕೆ ಮುಂಚೆನೇ ಚೆನ್ನಾಗಿ ಒಣಗಿಸ್ತಾರೆ. ಇನ್ನೊಂದು ಕಾಟ ಬಿರುಕು. ಒಂದು ಕಡೆ ಸೀಳಿದ್ರೆ ಒಳಗಿನ ಪ್ರೆಷರ್ ಬೇಗ ಇಳಿಯಲ್ಲ, ಬಿರುಕು ಪೈಪಿನುದ್ದಕ್ಕೂ ಓಡ್ಬಹುದು, ಅದಕ್ಕೇ ಗಟ್ಟಿ ಉಕ್ಕು ಬಳಸ್ತಾರೆ, ಅಲ್ಲಲ್ಲಿ ದಪ್ಪ ಬಳೆ ತೊಡಿಸಿರ್ತಾರೆ. ಅಷ್ಟಷ್ಟು ದೂರಕ್ಕೆ ವಾಲ್ವ್ ಇದ್ದೇ ಇರತ್ತೆ.

ನನ್ ಕೇಳಿದ್ರೆ ಪೈಪಿನ ದಪ್ಪಕ್ಕಿಂತ ದಾರಿ ಮುಖ್ಯ, ಯಾವ ತಗ್ಗಲ್ಲಿ ಯಾವ ಊರಿದೆ, ಅಲ್ಲಿನ ಪೊಲೀಸು ಫೈರ್‌ನವ್ರಿಗೆ ಪೈಪಲ್ಲಿ ಏನಿದೆ ಅಂತ ಗೊತ್ತಾ, ಅವರ ಹತ್ರ ಆಕ್ಸಿಜನ್ ಸಿಲಿಂಡರ್ ಇದ್ಯಾ ಅಂತ ಮೊದ್ಲೇ ನೋಡ್ಬೇಕು. ನಮ್ಮ ಜಕ್ಕೂರಲ್ಲಿರೋ ವಿಜ್ಞಾನ ಸಂಶೋಧನಾ ಸಂಸ್ಥೆ ಜವಾಹರಲಾಲ್ ನೆಹರು ಸೆಂಟರಲ್ಲೂ ಕಾರ್ಬನ್ ಹಿಡಿದು ಬಳಸೋದರ ಮೇಲೆ ಕೆಲ್ಸ ನಡೀತಿದೆ, ನಿಮ್ ಮಗನಿಗೆ ಆಸಕ್ತಿ ಇದ್ರೆ ಅವರ ವಿಷಯ ಓದ್ಲಿ. ಅಂದಹಾಗೆ ಇದು ಮನೆಮನೆಗೆ ಬರೋ ಲೈನ್ ಅಲ್ಲ, ಫ್ಯಾಕ್ಟರಿಯಿಂದ ನೇರ ನೆಲದಾಳಕ್ಕೆ ಹೋಗೋದು.