ಮಗುವಿಗೆ ಕಿವಿ ಆಪರೇಷನ್ ಮಾಡಿಸಬೇಕಾ, ಸನ್ನೆ ಕಲಿಸಬೇಕಾ?

ಪ್ರಶ್ನೆ: ನಮ್ಮ ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳು. ಎರಡೂ ಕಿವಿ ಹುಟ್ಟಿನಿಂದಲೇ ಕೇಳಿಸುವುದಿಲ್ಲ ಎಂದು ಬೆರಾ ಎಂಬ ಕಿವಿ ಪರೀಕ್ಷೆಯಲ್ಲಿ ಗೊತ್ತಾಯಿತು. ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಹಾಕಿಸಿ, ತಡ ಮಾಡಬೇಡಿ ಅಂತಾರೆ ಡಾಕ್ಟರ್. ಸನ್ನೆ ಮಾಡಿದರೆ ಮಾತು ಬರಲ್ಲ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ನಮ್ಮ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಕಿವುಡ ಗಂಡ ಹೆಂಡತಿ ಇದ್ದಾರೆ. ‘ಇಷ್ಟು ಸಣ್ಣ ಮಗುವಿಗೆ ಆಪರೇಷನ್ ಯಾಕೆ? ನಾವು ಚೆನ್ನಾಗಿಲ್ವಾ?’ ಎಂದು ಅವರು ಚೀಟಿ ಬರೆದು ಕೊಟ್ಟರು. ನನ್ನದು ಸಂಬಂಧದಲ್ಲೇ ಆದ ಮದುವೆ. ಅದಕ್ಕೇ ಹೀಗಾಯ್ತು ಅಂತ ನೆಂಟರೆಲ್ಲ ನನ್ನ ಮುಖವನ್ನೇ ನೋಡುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಆ ಚೀಟಿಯಿಂದಲೇ ಶುರು ಮಾಡುತ್ತೇನೆ. ನಾನು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞ ಆಗಿ ಇಪ್ಪತ್ತು ವರ್ಷ ದಾಟಿದೆ. ಇಂಥ ಚೀಟಿಗಳು ನನ್ನ ಮೇಜಿನ ಮೇಲೂ ಬಂದಿವೆ. ಇವರಿಗೆ ತಿಳಿವಳಿಕೆ ಸಾಲದು ಎಂದು ಮೊದಮೊದಲು ಅಂದುಕೊಂಡಿದ್ದೆ. ಅದು ನನ್ನ ತಪ್ಪು.

ಕಿವುಡರ ಸಿಟ್ಟಿಗೆ ಹಳೆಯ ಗಾಯವೊಂದು ಕಾರಣ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ನಡೆಯಿತು. ಸನ್ನೆ ಬೇಡ, ಬಾಯಿಮಾತಿನಲ್ಲೇ ಪಾಠ ಆಗಬೇಕು ಎಂದು ಅಲ್ಲಿ ತೀರ್ಮಾನಿಸಿದರು. ಕೈ ಎತ್ತಿದವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಕಿವಿ ಕೇಳುವವರೇ. ಆಮೇಲೆ ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. ಅದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದಾಗ ಆ ತೀರ್ಮಾನಕ್ಕೆ ವಿಷಾದ ಹೇಳಿತು. 130 ವರ್ಷ ಬೇಕಾಯಿತು ನೋಡಿ! ಇಂಪ್ಲಾಂಟ್ ಬಂದದ್ದು ಈ ಗಾಯ ಮಾಯುವ ಮೊದಲೇ. 1990ರಲ್ಲಿ ಅಮೆರಿಕ ಎರಡು ವರ್ಷ ದಾಟಿದ ಮಕ್ಕಳಿಗೆ ಇದನ್ನು ಹಾಕಲು ಒಪ್ಪಿಗೆ ಕೊಟ್ಟಿತು. ಮರುವರ್ಷವೇ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಅದನ್ನು ಖಂಡಿಸಿತು. ನಮ್ಮಲ್ಲಿ ರಿಪೇರಿ ಮಾಡುವಂಥದ್ದು ಏನಿದೆ ಎಂಬುದು ಅವರ ಪ್ರಶ್ನೆ. 2000ದಲ್ಲಿ ಅದೇ ಸಂಘ ನಿಲುವು ಸಡಿಲಿಸಿ, ಆಯ್ಕೆ ತಂದೆ ತಾಯಿಗೆ ಬಿಟ್ಟದ್ದು, ಆದರೆ ಎಲ್ಲ ವಿಷಯ ತಿಳಿದು ಆರಿಸಿಕೊಳ್ಳಲಿ ಎಂದಿತು.

ಈಗ ನಿಮ್ಮ ಮಗಳ ವಿಷಯ. ಪರೀಕ್ಷೆಗಳೆಲ್ಲ ಸರಿ ಬಂದರೆ ಆಪರೇಷನ್ ಮಾಡಿಸಿ. ಸನ್ನೆಯನ್ನು ಇವತ್ತಿನಿಂದಲೇ ಶುರು ಮಾಡಿ. ಎರಡರಲ್ಲಿ ಒಂದನ್ನು ಬಿಡಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಆಪರೇಷನ್‌ಗೆ ಅವಸರ ಯಾಕೆ ಅಂದರೆ, ಶಬ್ದ ಅರ್ಥಮಾಡಿಕೊಳ್ಳುವುದನ್ನು ಮಿದುಳು ಎಳೆಯ ವಯಸ್ಸಿನಲ್ಲೇ ಕಲಿಯಬೇಕು. ಮೂರೂವರೆ ವರ್ಷದೊಳಗೆ ಶಬ್ದ ಸಿಕ್ಕರೆ ಚೆನ್ನಾಗಿ ಹಿಡಿಯುತ್ತದೆ. ಏಳು ವರ್ಷ ದಾಟಿದರೆ ಬಹಳ ಕಷ್ಟ. ಸಾಮಾನ್ಯ ಕಿವಿ ಮಿಷನ್ ಶಬ್ದವನ್ನು ಜೋರು ಮಾಡುತ್ತದೆ, ಅಷ್ಟೇ. ಇಂಪ್ಲಾಂಟ್ ಹಾಗಲ್ಲ. ಒಳಗಿವಿಯ ಹಾಳಾದ ಭಾಗವನ್ನು ಬಿಟ್ಟು, ಕೇಳುವ ನರಕ್ಕೆ ನೇರವಾಗಿ ಸಣ್ಣ ಕರೆಂಟ್ ಕೊಡುತ್ತದೆ. ಆದರೆ ಒಂದು ತಿಳಿದಿರಲಿ. ಚೆನ್ನಾಗಿರುವ ಕಿವಿಯೊಳಗೆ ಶಬ್ದವನ್ನು ನರಕ್ಕೆ ದಾಟಿಸುವ ಮುಖ್ಯ ಕೂದಲ ಕೋಶಗಳು ಸುಮಾರು 3500. ಇಂಪ್ಲಾಂಟ್‌ನ ತಂತಿಯಲ್ಲಿ ಕರೆಂಟ್ ಕೊಡುವ ಎಲೆಕ್ಟ್ರೋಡ್‌ಗಳು ಹೆಚ್ಚೆಂದರೆ 22ರ ಆಸುಪಾಸು. ಹಾಗಾಗಿ ನಮ್ಮ ಕಿವಿಗೆ ಕೇಳಿದ ಹಾಗೆ ಅವಳಿಗೆ ಕೇಳುವುದಿಲ್ಲ. ಸಂತೆಯ ಗಲಾಟೆಯಲ್ಲಿ, ಮದುವೆ ಮನೆಯಲ್ಲಿ ಮಾತು ಹಿಡಿಯಲು ಒದ್ದಾಡಬಹುದು.

ಆಪರೇಷನ್ ಆಗಿ ಕೆಲವು ವಾರಕ್ಕೆ ಮಿಷನ್ ಆನ್ ಮಾಡುತ್ತಾರೆ. ಮೊಬೈಲ್‌ನಲ್ಲಿ ಓಡಾಡುವ ವಿಡಿಯೊಗಳಲ್ಲಿ ಮಗು ಆಗ ನಗುತ್ತದೆ. ನನ್ನ ಮುಂದೆ ಕೂತಿದ್ದ ಒಬ್ಬ ಪುಟಾಣಿ ಬಿಸ್ಕತ್ತು ಅಗಿಯುತ್ತಿದ್ದ. ಮೊದಲ ಶಬ್ದಕ್ಕೆ ಅಗಿಯುವುದು ನಿಂತಿತು. ಕಣ್ಣು ಮೇಲಕ್ಕೆ ಹೋಯಿತು, ತುಟಿ ನಡುಗಿತು, ಅಮ್ಮನ ಸೆರಗು ಹಿಡಿದು ಜೋರಾಗಿ ಅತ್ತ. ಅವತ್ತೇ ‘ಅಮ್ಮಾ’ ಅನ್ನುತ್ತಾನೆ ಎಂದು ಕಾದಿದ್ದ ಅಜ್ಜಿ ಸಪ್ಪಗಾದರು. ‘ಅಮ್ಮ’ ಬರಲು ಒಂಬತ್ತು ತಿಂಗಳಾಯಿತು. ಅಷ್ಟೂ ದಿನ ಮ್ಯಾಪಿಂಗ್ (ಮಿಷನ್ ಅನ್ನು ಮಗುವಿಗೆ ತಕ್ಕಂತೆ ಹೊಂದಿಸುವುದು), ಥೆರಪಿ, ಮನೆಯಲ್ಲಿ ಎಡೆಬಿಡದ ಮಾತು. ಇದೂ ಎಲ್ಲ ಮಕ್ಕಳಿಗೂ ಒಂದೇ ರೀತಿ ಆಗುವುದಿಲ್ಲ. ಕೆಲವರು ಫೋನ್‌ನಲ್ಲಿ ಮಾತಾಡುವಷ್ಟು ಚುರುಕಾಗುತ್ತಾರೆ. ಕೆಲವರಿಗೆ ಹಾರನ್, ಬಾಗಿಲ ಸದ್ದು ಗೊತ್ತಾಗುವಷ್ಟಕ್ಕೇ ನಿಲ್ಲುತ್ತದೆ. ಯಾವ ಮಗು ಯಾವ ಕಡೆ ಹೋಗುತ್ತದೆ ಎಂದು ಮೊದಲೇ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ.

ಅದಕ್ಕೇ ಸನ್ನೆ ಬೇಕು ಅನ್ನುವುದು. ಆಪರೇಷನ್‌ಗೆ ದಿನ ಸಿಕ್ಕಿ, ಮಿಷನ್ ಆನ್ ಆಗಿ, ಮಾತು ಹಿಡಿಯುವ ಹೊತ್ತಿಗೆ ಒಂದೆರಡು ವರ್ಷ ಹೋಗಿರುತ್ತದೆ. ಅಲ್ಲಿಯವರೆಗೂ ಮಗು ಭಾಷೆಯೇ ಇಲ್ಲದೆ ಕೂರಬೇಕಾ? ಎಳೆಯ ಮಿದುಳಿಗೆ ಭಾಷೆ ಬೇಕು. ಅದು ಕಿವಿಯಿಂದ ಬಂತೋ ಕಣ್ಣಿನಿಂದ ಬಂತೋ, ಮಿದುಳು ಎರಡನ್ನೂ ಭಾಷೆ ಅಂತಲೇ ತೆಗೆದುಕೊಳ್ಳುತ್ತದೆ. ಹುಟ್ಟಿದಾಗಿನಿಂದ ಸನ್ನೆ ನೋಡಿ ಬೆಳೆದು ಆಮೇಲೆ ಇಂಪ್ಲಾಂಟ್ ಹಾಕಿಸಿಕೊಂಡ ಕೆಲವು ಮಕ್ಕಳನ್ನು ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. ಅವರ ಮಾತು ಕಿವಿ ಕೇಳುವ ಓರಗೆಯ ಮಕ್ಕಳಿಗೆ ಸರಿಸಮ ಇತ್ತು. ಸನ್ನೆ ಬಳಸದ ಮನೆಗಳ ಮಕ್ಕಳ ಮಾತೇ ಚೆನ್ನಾಗಿತ್ತು ಎನ್ನುವ ಅಧ್ಯಯನವೂ ಇದೆ. ತಜ್ಞರ ವಾದ ಇನ್ನೂ ಮುಗಿದಿಲ್ಲ. ನಾನು ಕಣ್ಣಾರೆ ಕಂಡ ಮಕ್ಕಳನ್ನು ನೆನೆದು ನಾನು ಸನ್ನೆಯ ಕಡೆ ನಿಲ್ಲುತ್ತೇನೆ.

ಒಂದು ಮನೆಯ ಬಚ್ಚಲು ನೆನಪಾಗುತ್ತದೆ. ಸ್ನಾನಕ್ಕೆ ಮೊದಲು ಮಗಳ ಕಿವಿಯ ಮೇಲಿನ ಪ್ರೊಸೆಸರ್ (ಇಂಪ್ಲಾಂಟ್‌ನ ಹೊರಗಿನ ಮಿಷನ್) ಬಿಚ್ಚಿ ಗೂಡಿನಲ್ಲಿಟ್ಟರು. ಆ ಕ್ಷಣದಿಂದ ಅವಳಿಗೆ ಪೂರ್ತಿ ನಿಶ್ಶಬ್ದ. ಅಮ್ಮ ಬಕೆಟ್ ತೋರಿಸಿ ಕೈಯಲ್ಲೇ ‘ಬಿಸಿ, ತಡಿ’ ಎಂದರು. ಮಗು ಕೈ ಹಿಂದೆ ತೆಗೆದುಕೊಂಡು, ‘ತಣ್ಣೀರು ಹಾಕು’ ಎಂದು ಕೈಯಲ್ಲೇ ಹೇಳಿತು. ಮಲಗುವಾಗ, ಬ್ಯಾಟರಿ ಮುಗಿದಾಗ, ಕೇಬಲ್ ಕೆಟ್ಟು ಹೊಸದು ಬರುವವರೆಗೆ ನಿಮ್ಮ ಮಗಳೂ ಕಿವುಡೇ. ಆ ಹೊತ್ತಿಗೂ ಅವಳಿಗೊಂದು ಭಾಷೆ ಇರಲಿ.

ಕೆಲಸದ ಮಾತು ಕೆಲವು. ಕೇಳುವ ನರ ಇದೆಯಾ ಎಂದು ಎಂಆರ್‌ಐ ನೋಡಿ ಹೇಳಲು ಕೇಳಿ. ನ್ಯುಮೋಕಾಕಲ್ ಲಸಿಕೆ ತಪ್ಪಿಸಬೇಡಿ, ಇಂಪ್ಲಾಂಟ್ ಆದ ಮಕ್ಕಳಿಗೆ ಮಿದುಳು ಪೊರೆಯ ಸೋಂಕಿನ ಅಪಾಯ ಸ್ವಲ್ಪ ಜಾಸ್ತಿ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಐದು ವರ್ಷದೊಳಗಿನ ಇಂಥ ಮಕ್ಕಳಿಗೆ ನೆರವು ಇದೆ. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ, ಹಾಸನದಿಂದ ದೂರವೇನಲ್ಲ. ಆದರೆ ವಾರಂಟಿ ಮುಗಿದ ಮೇಲೆ ಕಾಯಿಲ್, ಕೇಬಲ್, ಬ್ಯಾಟರಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಆಪರೇಷನ್‌ಗೆ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಿಸುವ ಖರ್ಚು ಲಕ್ಷಗಳಲ್ಲಿ ಇರುತ್ತದೆ. ಅದು ಕೆಟ್ಟು ಬೀರುವಿನಲ್ಲಿ ಕೂತಿರುವ ಮನೆಗಳನ್ನು ನೋಡಿದ್ದೇನೆ.

ನೆಂಟರ ಮಾತಿಗೆ ಬರುತ್ತೇನೆ. ಸಂಬಂಧದಲ್ಲಿ ಮದುವೆಯಾದರೆ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಇಂಥ ಕಿವುಡಿಗೆ ಸಾಮಾನ್ಯವಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಜೀನ್ ಸೇರಬೇಕು. ನಿಮ್ಮೊಬ್ಬರದೇ ತಪ್ಪು ಎನ್ನಲು ವಿಜ್ಞಾನದಲ್ಲಿ ಜಾಗವೇ ಇಲ್ಲ. ಇನ್ನೊಂದು ಮಗು ಬೇಕು ಅನ್ನಿಸಿದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ. ಗಂಡನನ್ನೂ ಕರೆದುಕೊಂಡು ಹೋಗಿ.

ಸನ್ನೆ ಕಲಿಯುವುದು ಎಲ್ಲಿ ಅಂತೀರಾ? ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹತ್ತು ಸಾವಿರ ಪದಗಳ ನಿಘಂಟನ್ನು ವಿಡಿಯೊಗಳಲ್ಲಿ ಉಚಿತವಾಗಿ ಇಟ್ಟಿದೆ. ಅದಕ್ಕಿಂತ ಹತ್ತಿರದ ಗುರುಗಳು ನಿಮ್ಮ ಬೀದಿಯ ಟೈಲರ್ ಅಂಗಡಿಯಲ್ಲೇ ಇದ್ದಾರಲ್ವಾ? ಮಗಳನ್ನು ಎತ್ತಿಕೊಂಡು ಹೋಗಿ. ಆಪರೇಷನ್ ಮಾಡಿಸುತ್ತೇವೆ, ಸನ್ನೆಯನ್ನೂ ಕಲಿಸಿಕೊಡಿ ಎಂದು ನೀವೂ ಒಂದು ಚೀಟಿ ಬರೆದು ಕೊಡಿ.

ಪ್ರಶ್ನೆ: ನನಗೆ 27 ವರ್ಷ. ಹುಟ್ಟು ಕಿವುಡ. ಸನ್ನೆ ನನ್ನ ಭಾಷೆ, ಬೆಂಗಳೂರಿನಲ್ಲಿ ಕೆಲಸವಿದೆ. ‘ಇಂಪ್ಲಾಂಟ್ ಹಾಕಿಸ್ಕೋ, ಸರಿ ಹೋಗ್ತೀಯ, ಹೆಣ್ಣೂ ಸಿಗುತ್ತೆ’ ಎಂದು ಚಿಕ್ಕಪ್ಪ ಪ್ರತಿ ಹಬ್ಬಕ್ಕೂ ಬರೆದು ತೋರಿಸುತ್ತಾರೆ. ಹಾಕಿಸಿಕೊಳ್ಳಲೇ?

ಉತ್ತರ: ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡ ದೊಡ್ಡವರಿಗೆ ಇಂಪ್ಲಾಂಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಶಬ್ದವನ್ನೇ ಕೇಳದೆ ಬೆಳೆದ ನಿಮಗೆ ಸದ್ದು ಗೊತ್ತಾಗಬಹುದು, ಮಾತು ಅರ್ಥವಾಗುವ ಸಂಭವ ಬಹಳ ಕಡಿಮೆ. ಆ ಸದ್ದಿಗಾಗಿ ನಿಮಗೇ ಆಸೆಯಿದ್ದರೆ ಮಾತ್ರ ಯೋಚಿಸಿ. ಚಿಕ್ಕಪ್ಪನಿಗಾಗಿ ಬೇಡ. ಇಷ್ಟು ವರ್ಷದಲ್ಲಿ ಅವರು ‘ಊಟ ಆಯ್ತಾ’ ಅನ್ನುವ ಸನ್ನೆ ಕಲಿತಿದ್ದಾರಾ? ಇಲ್ಲ ಅಂದರೆ, ಈ ಹಬ್ಬಕ್ಕೆ ಅದನ್ನು ಕಲಿಸಿ.