ಎರಡನೇ ಪ್ರಶ್ನೆಗೆ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ

ಶಾಲಾ ಪ್ರವೇಶದ ಕಾಲ ಶುರುವಾಯಿತು ಅಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ಥರ. ಮಗುವಿನ ಹೆಸರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಅದೇ: ಇಂಟರ್‌ವ್ಯೂಗೆ ಮಗುವನ್ನು ಹೇಗೆ ತಯಾರು ಮಾಡುವುದು? ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವ ಶಾಲೆಯಲ್ಲಿ ಇಂಟರ್‌ವ್ಯೂ ಮೇಜಿನ ಆ ಕಡೆ ಬಹಳ ವರ್ಷ ಕೂತಿದ್ದೇನೆ. ಅರ್ಜಿ ತುಂಬುವುದು, ದಾಖಲೆ ಜೋಡಿಸುವುದು, ಹೊತ್ತಿಗೆ ಸರಿಯಾಗಿ ಹೋಗುವುದು, ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿಲ್ಲ. ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಉತ್ತರ ಅಷ್ಟೇ.

ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಲಿಖಿತ ಪರೀಕ್ಷೆ ಪಾಸಾಗಿದೆ, ಇಂಟರ್‌ವ್ಯೂಗೆ ಒಂದು ತಿಂಗಳಿದೆ. ಕೋಚಿಂಗ್‌ನವರು ಪ್ರಶ್ನೋತ್ತರದ ದಪ್ಪ ಪುಸ್ತಕ ಕೊಟ್ಟಿದ್ದಾರೆ, ಅವಳು ಪೂರ್ತಿ ಬಾಯಿಪಾಠ ಮಾಡಿದ್ದಾಳೆ. ಆದರೆ ಅದೇ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಸುಮ್ಮನಾಗಿಬಿಡುತ್ತಾಳೆ. ಒಂದೊಂದು ಸಲ ಅಳುತ್ತಾಳೆ. ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡಿಸಬೇಕಾ ಮೇಡಂ?

ಬೇಡಮ್ಮಾ. ಮೊದಲು ಆ ಪುಸ್ತಕವನ್ನು ಕಣ್ಣಿಗೆ ಬೀಳದ ಕಡೆ ಎತ್ತಿಡಿ. ನಿಮ್ಮ ಮಗಳು ಅಳುತ್ತಿರುವುದು ದಡ್ಡಿ ಅಂತಲ್ಲ. ಪ್ರತಿ ಪ್ರಶ್ನೆಗೂ ಎಲ್ಲೋ ಒಂದು ಸರಿ ಉತ್ತರ ಬರೆದಿಟ್ಟಿದೆ, ಅದು ನೆನಪಾಗದಿದ್ದರೆ ಸೋತೆ ಅಂತ ನೀವೆಲ್ಲ ಸೇರಿ ಅವಳನ್ನು ನಂಬಿಸಿದ್ದೀರಿ. ನೆನಪು ಕೈಕೊಟ್ಟಾಗ ಅಳದೆ ಇನ್ನೇನು ಮಾಡಬೇಕು ಅವಳು?

ಮೇಜಿನ ಆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಲಿಖಿತ ಪರೀಕ್ಷೆಯ ಅಂಕ ನಮ್ಮ ಮುಂದೆ ಇರುತ್ತದೆ. ಹಳೇ ಶಾಲೆಯ ವರದಿಯೂ ಇರುತ್ತದೆ. ಮಗುವಿಗೆ ಎಷ್ಟು ಗೊತ್ತು ಅನ್ನುವುದು ಅಲ್ಲಿಗೇ ಮುಗಿಯಿತು. ಅದನ್ನೇ ಮತ್ತೆ ಕೇಳೋಕೆ ಯಾರೂ 15-20 ನಿಮಿಷ ಎದುರು ಕೂರಿಸಿಕೊಳ್ಳುವುದಿಲ್ಲ. ಗೊತ್ತಿಲ್ಲದ್ದು ಎದುರಾದಾಗ ಈ ಮಗು ಏನು ಮಾಡುತ್ತದೆ, ಅದನ್ನು ನೋಡಬೇಕು ನಮಗೆ. ಸುಳಿವು ಕೊಟ್ಟರೆ ಹಿಡಿಯುತ್ತದಾ, ನಾವು ಹೇಳಿದ್ದನ್ನು ಕಿವಿಗೊಟ್ಟು ಕೇಳಿತಾ, ತಪ್ಪು ಅಂತ ಗೊತ್ತಾದರೆ ಮನಸ್ಸು ಬದಲಿಸುತ್ತದಾ, ಇಲ್ಲಾ ಹಟ ಹಿಡಿಯುತ್ತದಾ. ಇಂಥ ಮಗುವಿಗೆ ಪಾಠ ಹೇಳುವುದು ಖುಷಿಯ ಕೆಲಸವಾ ಅಂತ ಪ್ರತಿ ಮೇಷ್ಟ್ರೂ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ.

ಒಂದು ಉದಾಹರಣೆ. ಮಕ್ಕಳ ಮುಂದೆ ಚೆಸ್ ಬೋರ್ಡ್ ಇಟ್ಟು "ಇದರಲ್ಲಿ ಎಷ್ಟು ಚೌಕ ಇದೆ?" ಅಂತ ಕೇಳುವುದು ಹಳೇ ಪ್ರಶ್ನೆ. ಒಬ್ಬ ಹುಡುಗ ಬೋರ್ಡ್ ಕಡೆ ನೋಡಲೂ ಇಲ್ಲ. "204" ಅಂದ. ಉತ್ತರ ಸರಿ. ಅಪ್ಪ ಅಮ್ಮ ಪಕ್ಕದಲ್ಲಿದ್ದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದರು. ನಮ್ಮವರೊಬ್ಬರು "ಭೇಷ್. ಹಾಗಾದ್ರೆ ಐದು ಸಾಲು, ಐದು ಕಂಬದ ಬೋರ್ಡ್ ಆಗಿದ್ರೆ?" ಅಂದರು. ಹುಡುಗ ಮೇಲೆ ನೋಡಿದ, ಕೆಳಗೆ ನೋಡಿದ. ಮುಖ ಕೆಂಪಾಯಿತು. "ಅದು ಹೇಳಿಕೊಟ್ಟಿಲ್ಲ" ಅಂದ. ಪಾಪ, ನಿಜವನ್ನೇ ಹೇಳಿದ.

ಆಮೇಲೆ ಬಂದ ಹುಡುಗಿ "64" ಅಂದಳು. "ಅಷ್ಟೇನಾ?" ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೋರ್ಡಿನ ಅಂಚಿನ ಸುತ್ತ ಬೆರಳಾಡಿಸಿ "ಓ, ಇಡೀ ಬೋರ್ಡೂ ಒಂದು ಚೌಕ ಅಲ್ವಾ! 65" ಅಂದಳು. ಮತ್ತೆ ತಡೆದು, "ನಾಲ್ಕು ಮನೆ ಸೇರಿದ್ರೂ ಚೌಕ ಆಗುತ್ತೆ" ಅಂತ ಎಣಿಸೋಕೆ ಶುರು ಮಾಡಿದಳು. ಮೊದಲು ಒಂದು ಸಾಲಿಗೆ ನಾಲ್ಕು ಅಂದಳು. ಎರಡು ಬೆರಳು ಜೋಡಿಸಿ ಒಂದೊಂದೇ ಮನೆ ಸರಿಸಿ ನೋಡಿ, "ಅಲ್ಲ, ಏಳು. ಕೆಳಗೂ ಏಳು. ಹಾಗಾದ್ರೆ 49" ಅಂದಳು. ಆಮೇಲೆ ಕಣ್ಣರಳಿಸಿ "ಮುಂದಿನದು 36 ಇರಬೇಕು!" ಅಂದಳು. ಅಷ್ಟರಲ್ಲಿ ಹೊತ್ತಾಯಿತು, 204ರವರೆಗೆ ಅವಳು ಮುಟ್ಟಲೇ ಇಲ್ಲ. ನಮ್ಮ ಹಾಳೆಯಲ್ಲಿ ಜಾಸ್ತಿ ಅಂಕ ಯಾರಿಗೆ ಬಿತ್ತು ಅಂತ ಬಿಡಿಸಿ ಹೇಳಬೇಕಾ?

(ಈಗಲೇ ಪೆನ್ನು ತೆಗೆದುಕೊಂಡು ಐದು ಸಾಲಿನ ಬೋರ್ಡಿಗೆ 25, 16, 9, 4, 1 ಕೂಡಿಸಿ 55 ಅಂತ ಮಗುವಿಗೆ ಉರು ಹೊಡೆಸೋಕೆ ಹೊರಟವರು ದಯವಿಟ್ಟು ಕೂತುಕೊಳ್ಳಿ.)

ಪುಸ್ತಕದ ವಿಷಯವೂ ಹೀಗೇ. "ನಿನಗೆ ಇಷ್ಟದ ಪುಸ್ತಕ ಯಾವುದು?" ಅಂತ ಕೇಳುವುದು ಮಗು ಸ್ವಲ್ಪ ಸರಾಗವಾಗಿ ಕೂರಲಿ ಅಂತ. ನಿಜವಾದ ಪ್ರಶ್ನೆ ಆಮೇಲಿನದು. "ಆ ಕಥೇಲಿ ಯಾರ ಪಕ್ಕ ಕೂರೋಕೆ ನಿನಗೆ ಇಷ್ಟ ಇಲ್ಲ?" ಅನ್ನಬಹುದು. "ಕಥೆ ಬೇರೆ ಥರ ಮುಗಿದಿದ್ರೆ ಚೆನ್ನಾಗಿರ್ತಿತ್ತಾ?" ಅನ್ನಬಹುದು. ಪುಸ್ತಕ ಓದಿದ ಮಗು ಇಲ್ಲಿಂದ ಮಾತು ಶುರು ಮಾಡುತ್ತದೆ. ಸಾರಾಂಶ ಉರು ಹೊಡೆದ ಮಗು ಇಲ್ಲಿಗೆ ನಿಲ್ಲುತ್ತದೆ. ಹಾಗಾಗಿ ಅರ್ಜಿಯಲ್ಲಿ ದೊಡ್ಡ ದೊಡ್ಡ ಪುಸ್ತಕಗಳ ಹೆಸರು ಬರೆಯಬೇಡಿ. ಮಗು ನಿಜವಾಗಿ ಓದುವುದು ಕಾಮಿಕ್ಸ್ ಆದರೆ ಕಾಮಿಕ್ಸ್ ಅಂತಲೇ ಹೇಳಲಿ. ಹತ್ತು ವರ್ಷದ ಮಗು "ಓದುವ ಹವ್ಯಾಸವು ನನ್ನ ವ್ಯಕ್ತಿತ್ವವನ್ನು ರೂಪಿಸಿದೆ" ಅಂದಾಗ ಮೇಜಿನ ಆ ಕಡೆ ಕೂತ ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಒಂದೇ ಕೋಚಿಂಗ್‌ನಿಂದ ಬಂದ ನಾಲ್ಕೈದು ಮಕ್ಕಳು ಒಂದೇ ಬೆಳಗ್ಗೆ ಅದೇ ವಾಕ್ಯ ಹೇಳಿದರೆ ಏನಾಗಬಹುದು, ನೀವೇ ಯೋಚಿಸಿ.

ಹಾಗಾದರೆ ಈ ಒಂದು ತಿಂಗಳು ಏನು ಮಾಡಬೇಕು? ಮಾತಾಡಿ. ಅಣಕು ಇಂಟರ್‌ವ್ಯೂ ಬೇಡ, ಮಾತು ಸಾಕು. ದಿನಕ್ಕೆ ಕಾಲು ಗಂಟೆ ಸಿಕ್ಕರೂ ಆಯಿತು, ನಡೆಯುವಾಗಲೋ ಬಟ್ಟೆ ಮಡಚುವಾಗಲೋ. ಉತ್ತರ ನಿಮಗೂ ಗೊತ್ತಿಲ್ಲದ ಪ್ರಶ್ನೆ ಕೇಳಿ. "ಈ ಮರದಲ್ಲಿ ಎಷ್ಟು ಎಲೆ ಇರಬಹುದು, ಎಣಿಸದೆ ಹೇಗೆ ಹೇಳೋದು?" "ಶಾಲೇಲಿ ಒಂದು ನಿಯಮ ತೆಗೆದುಹಾಕು ಅಂದ್ರೆ ಯಾವುದು ತೆಗೀತೀಯ?" ಅವಳು ಏನಾದರೂ ಹೇಳಿದಾಗ "ವೆರಿ ಗುಡ್" ಅಂತ ಮಾತು ಮುಗಿಸಬೇಡಿ. "ಹೌದಾ? ನನಗೆ ಹಾಗನ್ನಿಸಲ್ಲಪ್ಪ" ಅನ್ನಿ. ದೊಡ್ಡವರ ಮಾತು ಒಪ್ಪದಿದ್ದರೂ ಮರ್ಯಾದೆಯಿಂದ ವಾದ ಮಾಡಬಹುದು ಅಂತ ಮಗುವಿಗೆ ಮನೆಯಲ್ಲೇ ಗೊತ್ತಾಗಬೇಕು. ಬಹಳ ಮನೆಗಳಲ್ಲಿ ಅದಕ್ಕೆ ಎದುರುತ್ತರ ಅನ್ನುತ್ತಾರೆ. ಹಾಗೆ ಬೆಳೆದ ಮಗುವಿಗೆ ಇಂಟರ್‌ವ್ಯೂ ದಿನ ಮಾತ್ರ ಸ್ವಂತ ಅಭಿಪ್ರಾಯ ಎಲ್ಲಿಂದ ಬರಬೇಕು ಹೇಳಿ?

ಇನ್ನೊಂದು, ಇದು ನಿಮಗೇ ಕಷ್ಟ ಆಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಕೊಡದೆ ಕೂರುವುದು ಕಡಿಮೆಯಾಯಿತು. ಅಷ್ಟು ಸಣ್ಣ ಬದಲಾವಣೆಗೆ! ನೀವೂ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ. ಮಗು ತಡವರಿಸಿದ ತಕ್ಷಣ ನೀವೇ ವಾಕ್ಯ ಪೂರ್ತಿ ಮಾಡಿದರೆ, ಸುಮ್ಮನಿದ್ದರೆ ಯಾರೋ ಬಂದು ಕಾಪಾಡುತ್ತಾರೆ ಅಂತ ಅದು ಕಲಿಯುತ್ತದೆ. ಇಂಟರ್‌ವ್ಯೂ ಕೋಣೆಗೆ ಕಾಪಾಡೋಕೆ ಯಾರೂ ಬರುವುದಿಲ್ಲ.

ಬಾಯಿಪಾಠ ಮಾಡಿಸಲೇಬೇಕು ಅಂದರೆ ಎರಡೇ ಮಾತು ಮಾಡಿಸಿ. "ಪ್ರಶ್ನೆ ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳ್ತೀರಾ?" ಮತ್ತು "ನನಗೆ ಖಾತ್ರಿ ಇಲ್ಲ, ಯೋಚನೆ ಮಾಡಿ ಹೇಳ್ತೀನಿ." ಬಹಳ ಮಕ್ಕಳಿಗೆ ಹೀಗೆ ಹೇಳಬಹುದು ಅಂತಲೇ ಗೊತ್ತಿರುವುದಿಲ್ಲ. ಮನೆಯವರಲ್ಲದ ದೊಡ್ಡವರ ಜೊತೆ ಒಂದೆರಡು ಸಲ ಅರ್ಧ ಗಂಟೆ ಮಾತಾಡೋಕೆ ಬಿಡಿ. ನಿಮ್ಮ ಸ್ನೇಹಿತರೋ ದೂರದ ನೆಂಟರೋ ಆಗಬಹುದು. ನೀವು ಆ ಕೋಣೆಯಲ್ಲಿ ಇರಬಾರದು. ಬಾಗಿಲ ಹಿಂದೆಯೂ ಇರಬಾರದು.

ಹಿಂದಿನ ದಿನ ಏನೂ ಕೇಳಬೇಡಿ. ಬೇಗ ಮಲಗಿಸಿ, ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ "ಹೆದರಬೇಡ, ಹೆದರಬೇಡ" ಅಂತ ಜಪ ಮಾಡಿದರೆ ಹೆದರಿಕೆಯನ್ನೇ ನೆನಪಿಸಿದ ಹಾಗೆ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿಯ ಅಧ್ಯಯನ ಒಂದು ಪ್ರಕಟವಾಯಿತು. ಭಾಷಣ, ಹಾಡು, ಲೆಕ್ಕ, ಇಂಥ ಎದೆ ಡವಗುಟ್ಟಿಸುವ ಕೆಲಸಕ್ಕೆ ಮುಂಚೆ "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಉತ್ಸಾಹವಾಗಿದೆ" ಅಂದುಕೊಂಡವರು ಚೆನ್ನಾಗಿ ಮಾಡಿದರು. ಅದು ದೊಡ್ಡವರ ಮೇಲೆ ಮಾಡಿದ ಅಧ್ಯಯನ, ಮಕ್ಕಳಿಗೆ ಹಾಗೇ ಒಪ್ಪುತ್ತದೆ ಅಂತ ನಾನು ಹೇಳುವುದಿಲ್ಲ. ಆದರೂ "ಎದೆ ಡವಡವ ಅಂತಿದ್ಯಾ? ಅಂದ್ರೆ ಮೈ ರೆಡಿಯಾಗಿದೆ" ಅಂದರೆ ನಷ್ಟವೇನೂ ಇಲ್ಲ.

ಅಳು ನಿಲ್ಲದಿದ್ದರೆ, ನಿದ್ದೆ ಕೆಟ್ಟರೆ, ಹೊಟ್ಟೆನೋವು ಅಂತ ಶಾಲೆ ತಪ್ಪಿಸೋಕೆ ಶುರುವಾದರೆ ಈ ಇಂಟರ್‌ವ್ಯೂ ಬಿಟ್ಟುಬಿಡುವ ಯೋಚನೆಯನ್ನೂ ಮಾಡಿ. ಇದು ನನ್ನ ಸ್ವಂತ ಅಭಿಪ್ರಾಯ. ಇಷ್ಟು ಹೇಳಿದ್ದಕ್ಕೇ ನನಗೆ ಬೈದು ಬರೆದವರಿದ್ದಾರೆ. ಆದರೂ ಹೇಳುತ್ತೇನೆ.

ಪ್ರಶ್ನೆ: ಸಂವಹನದಲ್ಲಿ 93 ಪರ್ಸೆಂಟ್ ಬಾಡಿ ಲ್ಯಾಂಗ್ವೇಜ್ ಮತ್ತು ದನಿಯದ್ದೇ ಅಂತೆ. ಮಗನಿಗೆ ಅದರ ಕ್ಲಾಸ್ ಸೇರಿಸಲಾ?

ಈ 93 ನನ್ನ ಬೆನ್ನು ಬಿಡುವ ಹಾಗೆ ಕಾಣುವುದಿಲ್ಲ. ಇದು ಆಲ್ಬರ್ಟ್ ಮೆಹ್ರೇಬಿಯನ್ ಅನ್ನುವ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಎತ್ತಿಕೊಂಡ ಅಂಕಿ. ಅಲ್ಲಿ ನೋಡಿದ್ದು ಬಿಡಿ ಬಿಡಿ ಪದ ಹೇಳುವಾಗ ಹೇಳಿದವರಿಗೆ ಇಷ್ಟ ಇದೆಯೋ ಇಲ್ಲವೋ ಅಂತ ಕೇಳುಗರು ಹೇಗೆ ಊಹಿಸುತ್ತಾರೆ ಅನ್ನುವುದನ್ನು. ಎಲ್ಲ ಮಾತಿಗೂ ಈ ಲೆಕ್ಕ ಹಚ್ಚಬೇಡಿ ಅಂತ ಅವರೇ ಹೇಳಿದ್ದಾರೆ. ಕ್ಲಾಸ್ ನಡೆಸುವವರಿಗೆ ಅದು ಬೇಕಾಗಿಲ್ಲ, ಅಂಕಿ ಚೆನ್ನಾಗಿದೆ, ಫೀಸ್ ಬರುತ್ತದೆ. ಮಾತಿಗೆ ಬರೀ 7 ಪರ್ಸೆಂಟ್ ಬೆಲೆ ಇದ್ದಿದ್ದರೆ ಗೊತ್ತಿಲ್ಲದ ಭಾಷೆಯ ಭಾಷಣ ಕೇಳಿ ನಮಗೆ ಮುಕ್ಕಾಲು ಪಾಲು ಅರ್ಥ ಆಗಬೇಕಿತ್ತು, ಅಲ್ವಾ? ಕೈ ಇಲ್ಲಿಡು, ಬೆನ್ನು ನೆಟ್ಟಗೆ ಮಾಡು, ಕಣ್ಣು ಮಿಟುಕಿಸಬೇಡ ಅಂತ ತರಬೇತಾದ ಮಗುವಿನ ಗಮನ ಪೂರ್ತಿ ತನ್ನ ಕೈಕಾಲಿನ ಮೇಲೇ ಇರುತ್ತದೆ. ಪ್ರಶ್ನೆ ಕೇಳಿಸುವುದೇ ಇಲ್ಲ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿನ ಬುದ್ಧಿಶಕ್ತಿ ಹೇಳುವ ಟೆಸ್ಟ್ ಮಾಡಿಸಿದ್ದೇವೆ. ರಿಪೋರ್ಟ್ ಶಾಲೆಗೆ ಕೊಡಬಹುದಾ?

ಕೊಟ್ಟರೆ ನಿಮ್ಮ ಬಗ್ಗೆ ಶಾಲೆಗೆ ಒಂದು ವಿಷಯ ತಿಳಿಯುತ್ತದೆ, ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ. ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ ಮುಗಿದಿರುತ್ತವೆ. ಅವನ್ನು ನೋಡಿ ಲೆಕ್ಕ ಬರುತ್ತದಾ, ಸಂಗೀತ ಬರುತ್ತದಾ ಅಂತ ಹೇಳುವುದು ಮೋಸ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವವರು, ನೆನಪಿನ ಶಕ್ತಿಗೆ ಸಿರಪ್ ಮಾರುವವರು ಎಲ್ಲರಿಗೂ ಇದೇ ಮಾತು.

ಪ್ರಶ್ನೆ: ಯಾವ ಬಣ್ಣದ ಬಟ್ಟೆ ಹಾಕಿಸಬೇಕು?

ತೊಳೆದದ್ದು. ಚುಚ್ಚದೇ ಇರುವುದು.

ಪ್ರಶ್ನೆ: ಮೂರೂವರೆ ವರ್ಷದ ಮಗನನ್ನು ಈಗಿನಿಂದಲೇ ಹೇಗೆ ತಯಾರು ಮಾಡಲಿ?

ಮಾಡಬೇಡಿ. ಆಡಲಿ ಬಿಡಿ.

ಪ್ರಶ್ನೆ: ಮಗ ಮಾತಾಡುವಾಗ ತೊದಲುತ್ತಾನೆ. ಮೊದಲೇ ಶಾಲೆಗೆ ಹೇಳಿದರೆ ಸೀಟು ತಪ್ಪುತ್ತದೆ ಅಂತ ನಮ್ಮವರ ಭಯ.

ಹೇಳಿ. ಇಂಟರ್‌ವ್ಯೂಗೆ ಮುಂಚೆಯೇ, ಬರವಣಿಗೆಯಲ್ಲಿ, ನಾಲ್ಕೇ ಸಾಲು ಸಾಕು. ಮಗನಿಗೆ ತೊದಲು ಇದೆ, ಉತ್ತರ ಗೊತ್ತಿದ್ದರೂ ಹೊರಗೆ ಬರೋಕೆ ಸಮಯ ಹಿಡಿಯುತ್ತದೆ, ಸ್ವಲ್ಪ ಹೆಚ್ಚು ಸಮಯ ಕೊಡಿ, ಮಧ್ಯೆ ಅವನ ವಾಕ್ಯ ಪೂರ್ತಿ ಮಾಡಬೇಡಿ. ಗೊತ್ತಿಲ್ಲದಿದ್ದರೆ ಅವನ ಮೌನವನ್ನು ನಾವು "ಉತ್ತರ ಬರಲಿಲ್ಲ" ಅಂತ ಬರೆದುಕೊಂಡು ಮುಂದೆ ಹೋಗುವ ಅಪಾಯ ಇದೆ. ಗೊತ್ತಿದ್ದರೆ ಕಾಯುತ್ತೇವೆ. ಇಷ್ಟು ತಿಳಿಸಿದ್ದಕ್ಕೇ ಮಗುವನ್ನು ಬೇಡ ಅನ್ನುವ ಶಾಲೆಗೆ ಅವನನ್ನು ದಿನಾ ಕಳಿಸೋಕೆ ನಿಮಗೆ ಮನಸ್ಸು ಬರುತ್ತದಾ?

ಮಗನಿಗೂ ಹೇಳಿಕೊಡಿ, ಒಳಗೆ ಹೋದ ಕೂಡಲೇ "ನಾನು ಒಂದೊಂದು ಸಲ ತೊದಲ್ತೀನಿ, ಸ್ವಲ್ಪ ಕಾಯಬೇಕು" ಅನ್ನಬಹುದು ಅಂತ. ಹೇಳಲೇಬೇಕು ಅಂತಿಲ್ಲ, ಅವನಿಗೆ ಬೇಕೆನಿಸಿದರೆ ಹೇಳಲಿ. ಮನೆಯಲ್ಲಿ "ನಿಧಾನಕ್ಕೆ ಹೇಳು, ಉಸಿರು ಎಳ್ಕೊಂಡು ಹೇಳು" ಅನ್ನುವುದನ್ನು ಇವತ್ತೇ ನಿಲ್ಲಿಸಿ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತೀರಿ, ಗೊತ್ತು. ಮಗುವಿಗೆ ಮಾತ್ರ ತಾನು ಏನೋ ತಪ್ಪು ಮಾಡಿದೆ ಅಂತಲೇ ಕೇಳಿಸುತ್ತದೆ. ನೀವು ನಿಧಾನವಾಗಿ ಮಾತಾಡಿ, ಅವನ ಮುಖ ನೋಡುತ್ತಾ ಮುಗಿಯುವವರೆಗೆ ಕೇಳಿ. ವಾಕ್ ಚಿಕಿತ್ಸಕರನ್ನು ಇನ್ನೂ ಕಂಡಿಲ್ಲದಿದ್ದರೆ ಕಾಣಿ, ಇಂಟರ್‌ವ್ಯೂಗಾಗಿ ಅಲ್ಲ, ಅವನಿಗಾಗಿ. ಕೆಲವೇ ವಾರದಲ್ಲಿ ತೊದಲು ಪೂರ್ತಿ ಹೋಗಿಸುತ್ತೇವೆ ಅನ್ನುವವರ ಬಾಗಿಲಿಗೆ ಹೋಗಬೇಡಿ.

ಪ್ರಶ್ನೆ: ಅಪ್ಪ ಅಮ್ಮನನ್ನೂ ಕೂರಿಸಿ ಮಾತಾಡಿಸುತ್ತಾರಂತೆ. ನಾವೇನು ಹೇಳಬೇಕು?

ಮಗುವಿನ ಕಷ್ಟ ಯಾವುದರಲ್ಲಿ ಅಂತ ಕೇಳಿದಾಗ "ಪರ್ಫೆಕ್ಷನ್ ಜಾಸ್ತಿ ಮೇಡಂ" ಅನ್ನಬೇಡಿ. ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಲೆಕ್ಕದಲ್ಲಿ ಅವಸರ ಮಾಡುತ್ತಾಳೆ, ಸೋತರೆ ಮುನಿಸಿಕೊಳ್ಳುತ್ತಾಳೆ, ಏನಿದೆಯೋ ಅದನ್ನೇ ಹೇಳಿ. ಮಗುವಿಗೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡಬೇಡಿ, ಮೇಜಿನ ಕೆಳಗೆ ಕಾಲಿನಿಂದ ಸನ್ನೆಯನ್ನೂ ಮಾಡಬೇಡಿ. ನಮಗೆ ಕಾಣುತ್ತದೆ.

ಪ್ರಶ್ನೆ: ಮಗಳು ಹೊರಗೆ ಬಂದ ತಕ್ಷಣ ಏನೇನು ಕೇಳಿದರು ಅಂತ ಎಲ್ಲ ಬರೆಸಿಕೊಂಡಿದ್ದೇನೆ. ಎರಡು ವರ್ಷ ಬಿಟ್ಟು ತಮ್ಮನಿಗೆ ಉಪಯೋಗವಾಗುತ್ತದಾ?

ಇಲ್ಲ. ಪ್ರಶ್ನೆಗಳನ್ನು ನಾವು ಬದಲಾಯಿಸುತ್ತಲೇ ಇರುತ್ತೇವೆ, ಮುಖ್ಯವಾಗಿ ನಿಮ್ಮಂಥವರು ಬರೆದಿಟ್ಟುಕೊಳ್ಳುತ್ತಾರೆ ಅಂತಲೇ.