ಜಾಹೀರಾತಿನ ಸ್ಪ್ಯಾನಿಯಲ್ ನಾಯಿ ಹೇಳಿದ ಜಾಗದಲ್ಲೇ ನಿಂತು, ಹೇಳಿದ ಕಡೆಗೇ ನೋಡುವುದು ಹೇಗೆ?

ಅದಕ್ಕೆ ಕಥೆ ಗೊತ್ತಿಲ್ಲ, ಕ್ಯಾಮೆರಾ ಗೊತ್ತಿಲ್ಲ. ಗೊತ್ತಿರುವುದು ಎರಡೇ: ಕಾಲಿಡಬೇಕಾದ ಜಾಗ, ಮತ್ತು ತನ್ನ ತರಬೇತುದಾರ ಎಲ್ಲಿದ್ದಾನೆ ಅನ್ನುವುದು.

ಜಾಗ ಕಲಿಸಲು ಮೊದಲು ದೊಡ್ಡ ಚಾಪೆ ಹಾಸುತ್ತಾರೆ. ನಾಯಿ ಅದರ ಮೇಲೆ ಕಾಲಿಟ್ಟ ಕೂಡಲೇ ಕ್ಲಿಕ್ಕರ್ ಎಂಬ ಪುಟ್ಟ ಸಾಧನ ‘ಟಿಕ್’ ಅನ್ನುತ್ತದೆ. ಹಿಂದೆಯೇ ಒಂದು ಚೂರು ಕೋಳಿ ಮಾಂಸ. ಬರೀ ಮಾಂಸ ಕೊಟ್ಟರೆ ಸಾಲದೇ? ಸಾಲದು. ತಿಂಡಿ ಬಾಯಿಗೆ ಬರುವಷ್ಟರಲ್ಲಿ ನಾಯಿ ತಿರುಗಿಯೋ ಕೂತೋ ಆಗಿರುತ್ತದೆ. ಯಾವುದಕ್ಕೆ ಬಹುಮಾನ ಸಿಕ್ಕಿತು ಅಂತ ಅದಕ್ಕೆ ಗೊಂದಲ. ಟಿಕ್ ಸದ್ದು ಸರಿಯಾದ ಆ ಕ್ಷಣವನ್ನೇ ತೋರಿಸಿಕೊಡುತ್ತದೆ. ಆಮೇಲೆ ಚಾಪೆಯನ್ನು ಚಿಕ್ಕದು ಮಾಡುತ್ತಾ ಹೋಗುತ್ತಾರೆ. ಕೊನೆಗೆ ಕ್ಯಾಮೆರಾಗೆ ಕಾಣದ ಒಂದು ಸಣ್ಣ ಗುರುತು ಸಾಕು.

ಇನ್ನು ನೋಟ. ನಟಿಯನ್ನು ಎಷ್ಟು ಪ್ರೀತಿಯಿಂದ ನೋಡುತ್ತಿದೆ ಅನಿಸುತ್ತದೆ, ಅಲ್ವಾ? ಅನೇಕ ಸಲ ಆಕೆಯ ಭುಜದ ಹಿಂದೆ ತರಬೇತುದಾರ ನಿಂತಿರುತ್ತಾನೆ. ಸಂಭಾಷಣೆ ರೆಕಾರ್ಡ್ ಆಗುತ್ತಿದ್ದರೆ ಅವನು ಬಾಯಿ ಬಿಡುವಂತಿಲ್ಲ, ಎಲ್ಲವೂ ಕೈಸನ್ನೆ.

ಸ್ಪ್ಯಾನಿಯಲ್‌ಗೆ ಇದು ಸುಲಭ. ಇಂಗ್ಲೆಂಡಿನಲ್ಲಿ ಕಾಕರ್, ಸ್ಪ್ರಿಂಗರ್ ಎಂಬ ಸ್ಪ್ಯಾನಿಯಲ್ ತಳಿಗಳನ್ನು ಬೆಳೆಸಿದ್ದೇ ಬೇಟೆಗಾರನ ಹತ್ತಿರದಲ್ಲಿ ಓಡಾಡಿಕೊಂಡು ಪೊದೆಯಿಂದ ಹಕ್ಕಿ ಎಬ್ಬಿಸಲು. ಯಜಮಾನನ ಕಡೆ ಆಗಾಗ ತಿರುಗಿ ನೋಡುವುದು ಅದರ ರಕ್ತದಲ್ಲೇ ಇದೆ. ತೊಂದರೆಯೂ ಅಲ್ಲೇ: ಸೆಟ್ ಪಕ್ಕ ಒಂದು ಪಾರಿವಾಳ ಹಾರಿದರೆ ಆ ಟೇಕ್ ಕೆಟ್ಟಂತೆಯೇ.